ಹಸಿರು ಹಾಳೆಯ ಅವ್ವ

ಅಮೆರಿಕದ ಸೆಂಟರ್‌ವಿಲ್‌ನ ಕನ್ನಡ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು, ಹನ್ನೊಂದು ಥರ ಓದುತ್ತಿದ್ದರು. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಒಂದು ಚರ್ಚಿನ ನೆಲಮಾಳಿಗೆಯ ಕೋಣೆಯಲ್ಲಿ ತರಗತಿ. ಹನ್ನೆರಡು ವರ್ಷದ ಯಾಮಿನಿ ಪತ್ರಿಕೆಯ ಸಂಪಾದಕೀಯವನ್ನೂ ತಡವರಿಸದೆ ಓದುವವಳು. ಅವಳ ತಾತ ಮೈಸೂರಿನಿಂದ ದಿನವೂ ವಿಡಿಯೊದಲ್ಲಿ ಕೂತು ಓದಿಸುತ್ತಿದ್ದರು. ಹತ್ತು ವರ್ಷದ ಅಭಿಷೇಕ್ ಮಾತಿನಲ್ಲಿ ಮಲ್ಲ, ಆದರೆ ಒತ್ತಕ್ಷರ ಎದುರಾಯಿತೆಂದರೆ ಕಾಲುವೆ ಕಂಡ ಕರುವಿನ ಹಾಗೆ ನಿಂತುಬಿಡುತ್ತಿದ್ದ. ಏಳು ವರ್ಷದ ಇಂದು ಆ ಸೆಪ್ಟೆಂಬರಿನಲ್ಲಿ ಹೊಸದಾಗಿ ಸೇರಿದವಳು. ಕಾಗುಣಿತ ಈಗಷ್ಟೇ ಮುಗಿದಿತ್ತು. ಬೆರಳಿಟ್ಟು, ತುಟಿ ಅಲ್ಲಾಡಿಸಿ, ಒಂದೊಂದಕ್ಷರವನ್ನೂ ತಟ್ಟೆಯಲ್ಲಿನ ಕಲ್ಲು ಆರಿಸಿದಂತೆ ಓದುತ್ತಿದ್ದಳು.

ಪಾಠ ಹೇಳುತ್ತಿದ್ದವಳು ವಸಂತಾ. ಅರವತ್ತಮೂರು ವರ್ಷ. ಕೌಂಟಿಯ ಲೈಬ್ರರಿಯಲ್ಲಿ ಇಪ್ಪತ್ತೊಂದು ವರ್ಷ ಪುಸ್ತಕ ಜೋಡಿಸಿ ನಿವೃತ್ತಳಾದವಳು. ಅವಳಿಗೆ ಒಂದು ಹಟವಿತ್ತು. ಓದಲು ಬಾರದ ಮಕ್ಕಳಿಗೆ ಇರುವೆ, ಮೊಲ, ಚೆಂಡು ಎಂದು ಎರಡು ಸಾಲು ಕೊಟ್ಟು, ಬರುವ ಮಕ್ಕಳಿಗೆ ಮಾತ್ರ ಒಳ್ಳೆಯ ಕಥೆ ಕೊಡುವುದು ಅವಳಿಗೆ ಆಗುತ್ತಿರಲಿಲ್ಲ. ಪಂಕ್ತಿಯಲ್ಲಿ ಕೂರಿಸಿ ಕೆಲವರಿಗೆ ಹೋಳಿಗೆ, ಕೆಲವರಿಗೆ ಬರೀ ಅನ್ನ ಬಡಿಸಿದ ಹಾಗಲ್ಲವೆ ಅದು? ಅದಕ್ಕೇ ಅವಳು ಒಂದೇ ಕಥೆಯನ್ನು ಮೂರು ಬಾರಿ ಬರೆಯುತ್ತಿದ್ದಳು. ಚೆನ್ನಾಗಿ ಓದುವವರಿಗೆ ಕೆಂಪು ಹಾಳೆ, ನಡುವಿನವರಿಗೆ ಹಳದಿ, ಈಗಷ್ಟೇ ಕಲಿತವರಿಗೆ ಹಸಿರು. ಹಸಿರು ಹಾಳೆಗೆ ಒಂದೇ ನಿಯಮ: ಒತ್ತಕ್ಷರ ಕೂಡದು.

ಎರಡು ಸಾವಿರದ ಇಪ್ಪತ್ತಮೂರರ ಅಕ್ಟೋಬರ್. ತಿಂಗಳ ಕೊನೆಯ ದೆವ್ವದ ಹಬ್ಬಕ್ಕೆಂದು ಬೀದಿಯ ಅಂಗಳಗಳಲ್ಲೆಲ್ಲ ಪ್ಲಾಸ್ಟಿಕ್ಕಿನ ಅಸ್ಥಿಪಂಜರಗಳು ಕೂತಿದ್ದವು. ಮಕ್ಕಳ ಬಾಯಲ್ಲಿ ಅದೇ ಮಾತು.

“ಆಂಟಿ, ಇಂಡಿಯಾದಲ್ಲಿ ಘೋಸ್ಟ್ಸ್ ಇಲ್ವಾ?” ಎಂದು ಅಭಿಷೇಕ್ ಕೇಳಿದ.

“ಇಲ್ದೆ ಏನು? ನಿಮ್ಮ ಇಲ್ಲಿನ ದೆವ್ವಗಳು ಕ್ಯಾಂಡಿ ಕೊಟ್ರೆ ಹೋಗ್ತಾವೆ. ನಮ್ಮವು ಓದು ಬರಹ ಕಲಿತ ದೆವ್ವಗಳು ಕಣೋ,” ಎಂದಳು ವಸಂತಾ.

ಹೀಗೆ ಆ ತಿಂಗಳು ದೆವ್ವದ ಕಥೆಗಳು ಎಂದಾಯಿತು. ಮೊದಲ ವಾರ ಕೊಳ್ಳಿದೆವ್ವ. ಎರಡನೆಯ ವಾರ ಹುಣಸೆಮರದ ಮೋಹಿನಿ. ಮೂರನೆಯ ವಾರಕ್ಕೆ ಅವಳು ತೆಗೆದುಕೊಂಡದ್ದು ಬಾಗಿಲ ಮೇಲಿನ ಬರಹದ ಕಥೆ. ಕನ್ನಡನಾಡಿನಲ್ಲಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ. ಒಂದು ದೆವ್ವ ಇರುಳಲ್ಲಿ ಮನೆಮನೆಗೆ ಬರುತ್ತದೆ, ತಾಯಿಯ ದನಿಯನ್ನೋ ಅಕ್ಕನ ದನಿಯನ್ನೋ ಕದ್ದು ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ. ಊರವರು ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದರು. ದೆವ್ವ ಬಂತು, ಓದಿತು, ಹೋಯಿತು. ಮರುದಿನ ಮತ್ತೆ ಬಂತು, ಮತ್ತೆ ಓದಿತು, ಮತ್ತೆ ಹೋಯಿತು. ಹೀಗೇ ಇಂದಿಗೂ ಅದರ ನಾಳೆ ಮುಗಿದಿಲ್ಲ. ವಸಂತಾ ಚಿಕ್ಕವಳಿದ್ದಾಗ ಅವರ ಬೀದಿಯಲ್ಲೇ ಅಂಥ ಎಂಟು ಬಾಗಿಲುಗಳಿದ್ದವು.

ಗುರುವಾರ ಅಡುಗೆಮನೆಯ ಮೇಜಿನ ಮುಂದೆ ಕೂತು ಮೂರು ಹಾಳೆಗಳನ್ನೂ ಬರೆದಳು. ಕೆಂಪು ಸರಾಗವಾಗಿ ಬಂತು. ಹಳದಿಯೂ ಆಯಿತು. ಹಸಿರೇ ಒದ್ದಾಡಿಸಿತು. ‘ರಾತ್ರಿ’ ಎನ್ನುವಂತಿಲ್ಲ, ಒತ್ತಕ್ಷರ, ‘ಇರುಳು’ ಎಂದಳು. ‘ತಟ್ಟಿತು’ ಬೇಡ, ‘ಬಾಗಿಲ ಬಳಿ ನಿಂತಿತು’ ಎಂದಳು. ‘ದೆವ್ವ’ ಎಂಬಲ್ಲಿ ಪೆನ್ನು ನಿಂತಿತು. ಆ ವ್ವ ಬೇಡ. ಏನು ಮಾಡುವುದು? ತಾಯಿಯ ದನಿಯಲ್ಲಿ ಬರುತ್ತದಲ್ಲ, ಸುಮ್ಮನೆ ತಾಯಿ ಬಂದಳು ಎಂದೇ ಇಟ್ಟರಾಯಿತು, ಉಳಿದದ್ದನ್ನು ಬಾಯಲ್ಲಿ ಹೇಳೋಣ ಎಂದುಕೊಂಡಳು. ಅದರ ಮೇಲೆ ಇನ್ನೊಂದು ಉಪಾಯ ಹೊಳೆಯಿತು. ತಾಯಿ ಎನ್ನುವ ಜಾಗವನ್ನು ಖಾಲಿ ಬಿಟ್ಟು, ‘ನಿಮ್ಮ ಮನೆಯಲ್ಲಿ ಏನು ಕರೆಯುತ್ತೀರೋ ಅದನ್ನು ಬರೆಯಿರಿ’ ಎಂದರೆ ಮಕ್ಕಳಿಗೆ ಕಥೆ ತಮ್ಮದಾಗುತ್ತದೆ. ಲೈಬ್ರರಿಯಲ್ಲಿ ಇಂಥ ಹಾಳೆಗಳನ್ನು ಅವಳು ಬೇಕಾದಷ್ಟು ನೋಡಿದ್ದಳು.

ಹಸಿರು ಹಾಳೆ ಹೀಗೆ ತಯಾರಾಯಿತು:

ಇರುಳು ಆಯಿತು.
— — — ಬಂದಳು.
ಬಾಗಿಲ ಬಳಿ ನಿಂತಳು.
ಬಾಗಿಲು ನೋಡಿದಳು. ನಾಳೆ ಬಾ.
ಓದಿದಳು.
— — — ಹೋದಳು.

ಒಂದೂ ಒತ್ತಕ್ಷರವಿಲ್ಲ. ವಸಂತಾ ಎರಡು ಸಲ ಬೆರಳಿಟ್ಟು ಹುಡುಕಿದಳು. ಇಲ್ಲವೇ ಇಲ್ಲ. ಖುಷಿಯಾಗಿ ಕಾಫಿ ಮಾಡಿಕೊಂಡು ಕುಡಿದಳು.

ಶನಿವಾರ ಕೋಣೆಯಲ್ಲಿ ಒಳ್ಳೆಯ ಗದ್ದಲ. ಹಸಿರು ಗುಂಪಿನ ನಾಲ್ವರೂ ಖಾಲಿ ಜಾಗ ತುಂಬಿದರು. ಇಬ್ಬರು ‘ಅಮ್ಮ’ ಎಂದು ಕಂಠಪಾಠದಿಂದ ಬರೆದರು, ಒಬ್ಬ ‘ಮಾಮ್’ ಎಂದು ಬರೆದ. ಇಂದು ‘ಅವ್ವ’ ಎಂದು ಬರೆದಳು. ಅವರದು ಬಾಗಲಕೋಟೆಯ ಕಡೆಯ ಮನೆ. ಅವಳಿಗೆ ಬರುತ್ತಿದ್ದ ಒಂದೇ ಒಂದು ಒತ್ತಕ್ಷರ ಅದು. ಅಪ್ಪ ಕೈ ಹಿಡಿದು ತಿದ್ದಿಸಿದ್ದನಂತೆ. ವ ಕೆಳಗೆ ಪುಟ್ಟ ವ, ಗುಬ್ಬಿಯ ಹೊಟ್ಟೆಯಡಿ ಮರಿ ಕೂತ ಹಾಗೆ.

ಆ ಅಕ್ಷರ ನೋಡಿ ವಸಂತಾ ಇಂದುವಿನ ಪಕ್ಕದಲ್ಲೇ ನಿಂತಳು. ಯಾಕೆಂದರೆ ಅವಳಿಗೆ ಗೊತ್ತಿತ್ತು. ಆ ಸುತ್ತಿನ ಕನ್ನಡದವರಿಗೆಲ್ಲ ಗೊತ್ತಿತ್ತು. ಇಂದುವಿನ ತಾಯಿ ಸೌಮ್ಯಾ ಎರಡು ವರ್ಷದ ಹಿಂದೆ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ಹಾಸಿಗೆ ಹಿಡಿದ ತಂದೆಯನ್ನು ನೋಡಿಬರಲೆಂದು ಬಾಗಲಕೋಟೆಗೆ ಹೋಗಿ ಅಲ್ಲೇ ತೀರಿಕೊಂಡಿದ್ದಳು. ಆದರೆ ಮಗು ಆ ಪದವನ್ನು ಎಷ್ಟು ಮುದ್ದಾಗಿ, ನಾಲಿಗೆ ಹೊರಗಿಟ್ಟು ಬರೆಯುತ್ತಿತ್ತೆಂದರೆ, ಬೇಡ ಪುಟ್ಟಾ, ಬೇರೆ ಬರಿ ಎನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಅತ್ತ ಅಭಿಷೇಕ್ ಕೂಗಿದ: “ಆಂಟಿ, ಅಮೆರಿಕನ್ ದೆವ್ವಕ್ಕೆ ಕನ್ನಡ ಬರಲ್ವಲ್ಲ, ಅದು ಸೀದಾ ಒಳಗೆ ಬಂದ್ಬಿಡತ್ತೆ!”

“ನಿನ್ನ ಕನ್ನಡ ಓದಿದ್ರೆ ನಮ್ಮ ದೆವ್ವಾನೂ ಒಳಗೆ ಬಂದ್ಬಿಡತ್ತೆ. ‘ನಾಳೆ’ ಬರೀ ಅಂದ್ರೆ ‘ನಾಲೆ’ ಅಂತ ಬರ್ದಿದೀಯ. ಪಾಪ, ಅದು ಕಾವೇರಿ ನಾಲೆ ಹುಡುಕ್ಕೊಂಡು ಹೋಗತ್ತೆ.”

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಇಂದು ವಸಂತಾಳ ತೋಳು ಮುಟ್ಟಿದಳು.

“ಆಂಟಿ, ವೈ ಡಿಡ್ ದೇ ರೈಟ್ ದ್ಯಾಟ್? ನಾಳೆ ಬಾ?”

“ಒಳಗೆ ಬರಬಾರ್ದು ಅಂತ ಪುಟ್ಟಾ.”

“ಶಿ ಕ್ಯಾನ್ ರೀಡ್ ಕನ್ನಡ?”

“ಓದಕ್ಕೆ ಬರತ್ತಲ್ಲ, ಅದಕ್ಕೇ ವಾಪಸ್ ಹೋಗತ್ತೆ.”

“ಎವ್ರಿ ಡೇ?”

“ಹ್ಞೂಂ, ಎವ್ರಿ ಡೇ. ಹೆದರಿಕೆ ಆಯ್ತಾ?”

“ಇಲ್ಲ,” ಎಂದಳು ಇಂದು. ನಿಜಕ್ಕೂ ಆ ಮುಖದಲ್ಲಿ ಹೆದರಿಕೆ ಇರಲಿಲ್ಲ. ಧೈರ್ಯದ ಮಗು ಎಂದು ವಸಂತಾ ಅವಳ ತಲೆ ಸವರಿದಳು.

ಆಮೇಲೆ ಕಾಲದ ಪದಗಳ ಪಾಠ. ಹಸಿರು ಗುಂಪಿಗೆ ಎರಡೇ ಪದ, ಇಂದು ಮತ್ತು ನಾಳೆ, ‘ನಿನ್ನೆ’ಯಲ್ಲಿ ಒತ್ತಕ್ಷರವಿದೆಯಲ್ಲ. “ಇಂದು ಅಂದ್ರೆ ಟುಡೇ. ನಾವು ಮಾತಾಡುವಾಗ ಇವತ್ತು ಅಂತೀವಿ, ಬರೆಯುವಾಗ ಇಂದು,” ಎಂದಳು ವಸಂತಾ. ಮಕ್ಕಳಿಗೆ ಹಬ್ಬವಾಯಿತು. “ಹಾಯ್ ಟುಡೇ!” “ಟುಡೇ, ವೇರ್ ಈಸ್ ಟುಮಾರೋ?” ಎಂದು ಇಂದುವನ್ನು ರೇಗಿಸಿದರು. ತನ್ನ ಹೆಸರಿಗೆ ಚಂದ್ರನೆಂದು ಮಾತ್ರ ಅರ್ಥ ಎಂದು ತಿಳಿದಿದ್ದ ಮಗು ಬೆರಗಾಗಿ ಆ ಪದವನ್ನೇ ನೋಡುತ್ತ ಕೂತಿತು.

ಮನೆಗೆಲಸ ಏನೆಂದರೆ, ಎಲ್ಲರೂ ‘ನಾಳೆ ಬಾ’ ಎಂದು ದೊಡ್ಡದಾಗಿ ಬರೆದು ಮನೆಯ ಬಾಗಿಲಿಗೆ ಅಂಟಿಸಿ ಫೋಟೊ ಕಳಿಸಬೇಕು. ಭಾನುವಾರದಿಂದಲೇ ಗುಂಪಿನ ವಾಟ್ಸ್ಯಾಪ್‌ಗೆ ಫೋಟೊಗಳು ಬರತೊಡಗಿದವು. ಹತ್ತು ಬಾಗಿಲುಗಳು ಬಂದವು. ಇಂದುವಿನ ಮನೆಯದು ಬರಲಿಲ್ಲ.

ಮುಂದಿನ ಶನಿವಾರ ತರಗತಿ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಇಂದುವಿನ ಅಪ್ಪ ಸಿದ್ಧಲಿಂಗೇಶ್ ಒಬ್ಬನೇ ನಿಂತಿದ್ದ. ಮಗು ಆ ದಿನ ಬಂದಿರಲಿಲ್ಲ. ಅವನು ಒಂದು ಕಂಪನಿಯಲ್ಲಿ ಎಂಜಿನಿಯರ್. ಮೂವತ್ತೆಂಟಾದರೂ ಆ ಬೆಳಿಗ್ಗೆ ಐವತ್ತರ ಹಾಗೆ ಕಾಣುತ್ತಿದ್ದ.

“ಆಂಟಿ, ಸಿಟ್ಟಾಗಬ್ಯಾಡ್ರಿ. ಇಂದೂನ್ನ ಕ್ಲಾಸ್ ಬಿಡಸ್ತೀನ್ರಿ,” ಎಂದ.

“ಯಾಕಪ್ಪಾ? ಏನಾಯ್ತು?”

ಅವನು ಫೋನಿನಲ್ಲಿ ಒಂದು ಫೋಟೊ ತೋರಿಸಿದ. ಅವರ ಮನೆಯ ಬಾಗಿಲು. ಅದರ ಮೇಲೊಂದು ಕಾಗದ. ‘ನಾಳೆ’ ಎಂಬುದನ್ನು ಕಪ್ಪು ಕ್ರೆಯಾನಿನಿಂದ ಕಾಗದ ಹರಿಯುವಷ್ಟು ಗೀಚಿ ಹೊಡೆದು, ಪಕ್ಕದಲ್ಲಿ ಬೇರೆ ಬರೆದಿತ್ತು: ಇಂದು ಬಾ.

“ನಾನಽ ಅಂಟಿಸಿದ್ದೆ. ಎರಡು ಸರ್ತಿ ಹರದ್ ಹಾಕಿದ್ಲು. ಮೂರನೇ ಸರ್ತಿ ಹೀಂಗ ಬರದಾಳ. ನೋಡ್ರಿ, ‘ಇಂದು, ಬಾ’ ಅಂತ. ಯಾರೋ ಅಕೀನ್ನ ಹೆಸರು ಹಿಡದು ಕರ್ಯಾಕತ್ತಾರ್ರಿ. ಮುಂಜಾನೆ ಎದ್ದು ನೋಡಿದ್ರ ಬಾಗಲ ಚಿಲಕ ತಗದಿರ್ತದ. ಒಂದಿನ ಅಲ್ಲ, ನಾಕ್ ದಿನ ಆತು. ಮೊನ್ನೆ ಬಾಗಲ ಹಾರ್ ಹೊಡದು ತಗದಿತ್ತು, ಇಕಿ ಬಾಗಲದಾಗ ಕಾರ್ಪೆಟ್ ಮ್ಯಾಲೆ ಮಲಗಿದ್ಲು, ಮೈಯೆಲ್ಲಾ ಮಂಜಿನಂಗ ತಣ್ಣಗ. ಬಾಜೂ ಮನಿ ಅಕಿ ಬಂದು, ಪೊಲೀಸ್ರಿಗೆ ಫೋನ್ ಮಾಡ್ಲೇನು ಅಂತ ಕೇಳಿದ್ಲು. ಯಾಕವ್ವಾ ಅಂದ್ರ ಬಾಯಿ ಬಿಡವೊಲ್ಲಳು. ನಾಳೆ ಲ್ಯಾನ್‌ಹ್ಯಾಮ್ ಗುಡಿಗೆ ಕರ್ಕೊಂಡ್ ಹೋಗಿ ಏನರೆ ಶಾಂತಿ ಮಾಡಿಸ್ಬೇಕಂತ ಮಾಡೀನಿ. ಚಿಲಕಾನೂ ಅಕಿಗೆ ಎಟಕಲಾರದಂಗ ಮ್ಯಾಲೊಂದು ಹಾಕಸ್ತೀನಿ.”

ವಸಂತಾ ಫೋಟೊವನ್ನು ಕಣ್ಣ ಹತ್ತಿರ ಹಿಡಿದಳು. ಅಪ್ಪನಾದವನಿಗೆ ಅದು ಮಗಳ ಹೆಸರಾಗಿ ಕಂಡದ್ದರಲ್ಲಿ ತಪ್ಪೇನಿದೆ? ಪಾಠ ಹೇಳಿದವಳಿಗೆ ಮಾತ್ರ ಅದು ಬೇರೆಯಾಗಿ ಕಂಡಿತು.

“ಸಿದ್ಧಲಿಂಗೇಶ್, ಇದು ಹೆಸರಲ್ಲ ಕಣಪ್ಪಾ. ಟುಡೇ ಅಂತ ಇದು. ಯಾರೂ ಅವಳನ್ನ ಕರೀತಿಲ್ಲ. ಅವಳೇ ಯಾರನ್ನೋ ಕರೀತಿದಾಳೆ. ನಾಳೆ ಬೇಡ, ಇವತ್ತೇ ಬಾ ಅಂತ.”

“ಯಾರನ್ರಿ?”

ವಸಂತಾಳ ಚೀಲದಲ್ಲಿ ಹೋದ ವಾರದ ಹಾಳೆಗಳ ಪ್ರತಿಗಳಿದ್ದವು. ಕಾರಿನ ಬಾನೆಟ್ಟಿನ ಮೇಲೆ ಹಸಿರು ಹಾಳೆಯನ್ನಿಟ್ಟು, ಖಾಲಿ ಜಾಗದಲ್ಲಿ ‘ಅವ್ವ’ ಎಂದು ಮನಸ್ಸಿನಲ್ಲೇ ತುಂಬಿ, ಇಂದುವಿನಂತೆಯೇ ಬೆರಳಿಟ್ಟು ಓದಿದಳು. ಅವ್ವ ಬಂದಳು. ಬಾಗಿಲ ಬಳಿ ನಿಂತಳು. ಓದಿದಳು. ಅವ್ವ ಹೋದಳು.

ಒತ್ತಕ್ಷರ ತೆಗೆಯಹೋಗಿ ಕಥೆಯಿಂದ ದೆವ್ವವನ್ನೇ ತೆಗೆದುಹಾಕಿದ್ದಳು. ಕೆಂಪು ಹಾಳೆಯ ಮಕ್ಕಳಿಗೆ ದೆವ್ವ ಬಂದಿತ್ತು, ಹಳದಿ ಹಾಳೆಯ ಮಕ್ಕಳಿಗೂ ಬಂದಿತ್ತು. ಹಸಿರು ಹಾಳೆಯಲ್ಲಿ ಬಂದವಳು ತಾಯಿ ಮಾತ್ರ. ದೂರದಿಂದ ಬಂದು, ತನ್ನ ಮನೆಯ ಬಾಗಿಲಲ್ಲಿ ನಿಂತು, ನಾಳೆ ಬಾ ಎಂದು ಓದಿ, ತಲೆ ತಗ್ಗಿಸಿ ಹೋದ ತಾಯಿ. ಉಳಿದದ್ದನ್ನು ಬಾಯಲ್ಲಿ ಹೇಳೋಣ ಎಂದುಕೊಂಡವಳು ನಾಲೆಯ ತಮಾಷೆಯಲ್ಲಿ ಅದನ್ನು ಮರೆತಿದ್ದಳು. ಎವ್ರಿ ಡೇ ಎಂದು ಬೇರೆ ಹೇಳಿದ್ದಳು.

ಅವಳು ಹಾಳೆಯನ್ನು ಸಿದ್ಧಲಿಂಗೇಶನ ಕೈಗೆ ಕೊಟ್ಟಳು. ಅವನು ಓದಿದ. ಆರು ಸಾಲು ಓದಲು ಎಷ್ಟು ಹೊತ್ತು ಬೇಕು? ಅವನು ತುಂಬ ಹೊತ್ತು ಓದಿದ.

“ತಪ್ಪು ನನ್ನದು,” ಎಂದಳು ವಸಂತಾ. “ಮೇಲೊಂದು ಚಿಲಕ ಹಾಕಿಸಬೇಡಪ್ಪ. ಹಾಕಿದ್ರೆ ಅವಳ ಕಣ್ಣಲ್ಲಿ ಅವ್ವನ್ನ ಆಚೆ ನಿಲ್ಲಿಸಿದೋನು ನೀನಾಗ್ತೀಯ. ನಾಳೆ ಮಧ್ಯಾಹ್ನ ನಾನು ಬರ್ತೀನಿ. ನಾನು ಬರೆದದ್ದನ್ನ ನಾನೇ ತಿದ್ದಬೇಕು.”

ಅವನು ಕಾರಿನ ಬಾಗಿಲಿಗೆ ಒರಗಿದ. “ಬರೇ ನಿಮ್ಮ ತಪ್ಪಲ್ರಿ ಆಂಟಿ. ಅಕಿ ಹೋದಾಗ ಇಂದೂಗ ಐದ್ ವರ್ಷ. ವೀಸಾ ಹಂಗಿತ್ತು, ಹೋದ್ರ ತಿರುಗಿ ಬರಾಕ ಆಗ್ತಿರ್ಲಿಲ್ಲ. ಮಣ್ಣು ಕೊಡೂದನ್ನ ಫೋನಿನಾಗ ನೋಡೀನ್ರಿ ನಾ, ಬಾತ್ರೂಮಿನಾಗ ಕುಂತು. ಹೊರಗ ಬಂದ್ರ ಇಕಿ ಕೇಳಿದ್ಲು, ಅವ್ವ ಯಾವಾಗ ಬರ್ತಾಳ? ನಾಳೆ ಅಂದೆ. ಮರುದಿನಾನೂ ನಾಳೆ ಅಂದೆ. ಹನ್ನೊಂದ್ ದಿನ ನಾಳೆ ಅಂದೀನ್ರಿ. ಆಮ್ಯಾಲೆ ನಮ್ಮ ಅತ್ತೀನಽ ಫೋನಿನಾಗ ಹೇಳಿದ್ರು, ದೇವರ ಮನಿಗೆ ಹೋಗ್ಯಾಳ ಅಂತ. ಇಕಿ ಹೋಗಿ ಪೂಜಾ ಮಾಡೋ ಕಪಾಟ ತಗದು ನೋಡಿದ್ಲು. ಅಲ್ಲಿಂದ ಮುಂದ ಕೇಳಲೇ ಇಲ್ಲ. ತಿಳೀತೇನೋ ಅಂತ ನಾನೂ ಬಿಟ್ಟೆ.”

ವಸಂತಾ ಅವನ ಕೈಯಿಂದ ಹಾಳೆ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಮೂರು ಗಂಟೆಗೆ ಅವಳು ಅವರ ಮನೆಗೆ ಹೋದಳು. ಸಾಲುಮನೆಗಳಲ್ಲಿ ಮೂಲೆಯದು. ಬಾಗಿಲ ಮೇಲಿನ ಕಾಗದ ಹಾಗೇ ಇತ್ತು. ಒಳಗೆ ಹೆಜ್ಜೆಯಿಟ್ಟರೆ ಬಾಗಿಲ ಪಕ್ಕದಲ್ಲೇ ಒಂದು ಪುಟ್ಟ ದಿಂಬು, ಒಂದು ಲೋಟ ನೀರು, ಇಂದುವಿನ ಕನ್ನಡ ನೋಟ್‌ಬುಕ್ಕು. ಅವಳು ಅಲ್ಲೇ ಕೂತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಶಾಲೆಯಲ್ಲಿ ತೂಕಡಿಸುತ್ತಾಳೆಂದು ಮಿಸ್ ಪತ್ರ ಬರೆದಿದ್ದರಂತೆ.

“ಈ ನೋಟ್‌ಬುಕ್ಕು ಯಾಕೆ ಇಲ್ಲಿಟ್ಟಿದೀಯಾ?” ಎಂದು ವಸಂತಾ ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಮಂಡಿ ಕಟಕಟ ಎಂದಿತು.

“ಅವ್ವಗೆ,” ಎಂದಳು ಇಂದು. “ಸೋ ಶಿ ಕ್ಯಾನ್ ಸೀ ನಾನು ಬರೀತೀನಿ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ಆಂಟಿ, ಡಿಡ್ ಐ ಸ್ಪೆಲ್ ಇಟ್ ರಾಂಗ್? ಇಂದು ಬಾ? ಬಿಕಾಸ್ ಶಿ ಡಿಡ್ ನಾಟ್ ಕಮ್ ಇನ್.”

ವಸಂತಾಳಿಗೆ ಒಂದು ಕ್ಷಣ, ಬರೇ ಒಂದು ಕ್ಷಣ, ಹೌದು ತಪ್ಪಾಗಿದೆ ಪುಟ್ಟಾ, ಅದಕ್ಕೇ ಬರಲಿಲ್ಲ ಎಂದುಬಿಡೋಣ ಅನಿಸಿತು. ಮಗುವಿಗೆ ಇನ್ನೊಂದು ವಾರ ಸಿಗುತ್ತಿತ್ತು. ಆದರೆ ಒಂದು ವಾರ ಕಳೆದ ಮೇಲೆ?

“ಸ್ಪೆಲಿಂಗ್ ಸರಿಯಾಗಿದೆ. ನೀನು ಬರೆದಿದ್ದು ತಪ್ಪಿಲ್ಲ. ತಪ್ಪು ಬರೆದಿದ್ದು ನಾನು,” ಎಂದಳು. “ಹಸಿರು ಹಾಳೇಲಿ ತಪ್ಪು ಬರೆದೆ. ಯಾಕೆ ಗೊತ್ತಾ? ನಿನಗೆ ಒತ್ತಕ್ಷರ ಬರಲ್ಲ ಅಂದ್ಕೊಂಡೆ. ಕಥೇಲಿ ಒಂದು ಒತ್ತಕ್ಷರದ ಮಾತಿತ್ತು, ಅದನ್ನ ಬಿಟ್ಟುಬಿಟ್ಟೆ.”

“ಐ ನೋ ಒತ್ತು. ವ್ವ ಗೊತ್ತು.”

“ಗೊತ್ತಲ್ಲ, ಅದೇ ವ್ವ. ತಾ ಪೆನ್ಸಿಲ್ಲು.”

ಅಡುಗೆಮನೆಯ ಬಾಗಿಲಲ್ಲಿ ಸಿದ್ಧಲಿಂಗೇಶ್ ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದ. ಇಂದು ತನ್ನ ಹಸಿರು ಹಾಳೆಯನ್ನು ದಿಂಬಿನ ಕೆಳಗಿನಿಂದ ತೆಗೆದಳು. ಮಡಿಚಿ ಮಡಿಚಿ ಅದರ ಮಡಿಕೆಗಳು ಬೆಳ್ಳಗಾಗಿದ್ದವು.

ವಸಂತಾ ‘ದೆ’ ಎಂದು ಬರೆದು ತೋರಿಸಿದಳು. “ಇದರ ಮುಂದೆ ನಿನ್ನ ವ್ವ ಹಾಕು.”

ಇಂದು ಹಾಕಿದಳು. ತುಟಿ ಅಲ್ಲಾಡಿಸಿ ಓದಿದಳು. “ದೆ...ವ್ವ. ದೆವ್ವ.” ಪಕ್ಕದಲ್ಲೇ ‘ಅವ್ವ’ ಇತ್ತು. ಎರಡನ್ನೂ ನೋಡಿದಳು. “ಸೇಮ್ ವ್ವ.”

“ಹೌದು. ಅಕ್ಷರ ಒಂದೇ. ಮಾತು ಬೇರೆ. ಬಂದಿದ್ದು ಅವ್ವ ಅಲ್ಲ ಪುಟ್ಟಾ, ದೆವ್ವ. ಕಥೇಲಿ ಬರೋದು ದೆವ್ವ. ಅದು ಅಮ್ಮನ ಹಾಗೆ ದನಿ ಮಾಡ್ಕೊಂಡು ಬರತ್ತೆ, ಪ್ರಿಟೆಂಡ್ ಮಾಡತ್ತೆ. ಅದಕ್ಕೇ ಜನ ‘ನಾಳೆ ಬಾ’ ಅಂತ ಬರೀತಾರೆ. ಯಾರೂ ನಿಜವಾದ ಅವ್ವಂಗೆ ಹಾಗೆ ಬರೆಯಲ್ಲ. ಯಾವ ಮನೇಲೂ ಬರೆಯಲ್ಲ.”

“ಅಪ್ಪ ಸ್ಟಕ್ ಇಟ್ ಆನ್ ದ ಡೋರ್.”

“ಅಪ್ಪ ಅಂಟಿಸಿದ್ದು ಹೋಮ್‌ವರ್ಕು. ಅದನ್ನ ಓದಿ ನಿಮ್ಮವ್ವ ವಾಪಸ್ ಹೋಗಿಲ್ಲ. ನಾನು ಹೇಳ್ತಿದೀನಲ್ಲ. ನಿಮ್ಮವ್ವನ್ನ ಈ ಮನೆಯಿಂದ ಯಾರೂ ಕಳಿಸಿಲ್ಲ.”

ಇಂದು ಹಾಳೆಯ ಮೇಲೆ ಬೆರಳಿಟ್ಟು ಓದಿದಳು. ಬೆರಳು ‘ಬಂದಳು’ ಎಂಬಲ್ಲಿ ನಿಂತಿತು. “ದೆವ್ವ ಬಂದಳು?”

“ಅಲ್ಲ. ದೆವ್ವಕ್ಕೆ ‘ಳು’ ಇಲ್ಲ. ದೆವ್ವ ಬಂತು.”

ಮಗು ‘ಅವ್ವ ಬಂದಳು’ ಎಂಬ ಸಾಲಿನ ಮೇಲೆ ಗೀಟೆಳೆಯಲು ಹೋಗಿ ನಿಲ್ಲಿಸಿತು. ಆಮೇಲೆ ಅದರ ಮೇಲೆ ಗೀಟೆಳೆಯದೆ, ಕೆಳಗೆ ಸಣ್ಣದಾಗಿ ಬರೆಯಿತು: ದೆವ್ವ ಬಂತು. ಪ್ರತಿ ಸಾಲಿನ ಕೆಳಗೂ ಬರೆಯುತ್ತ ಹೋಯಿತು. ನಿಂತಿತು. ನೋಡಿತು. ಓದಿತು. ಹೋಯಿತು. ಒಂದೂ ತಪ್ಪಾಗಲಿಲ್ಲ. ಯಾವ ಶನಿವಾರವೂ ಅವಳು ಅಷ್ಟು ಚೆನ್ನಾಗಿ ಬರೆದಿರಲಿಲ್ಲ.

“ದೆನ್ ಅವ್ವ?” ಎಂದಳು ಇಂದು. “ಅವ್ವ ಏನು ಮಾಡಿದಳು?”

“ಅವ್ವ ಬರಲಿಲ್ಲ.”

“ಒನ್ಸ್ ಕೂಡ?”

“ಒಂದು ಸಲಾನೂ ಬರಲಿಲ್ಲ ಪುಟ್ಟಾ.”

“ಬರೀತೀನಿ,” ಎಂದಳು ಇಂದು. ಬರೆಯುವುದರಲ್ಲಿ ಅವಳಿಗೆ ಹಿಡಿದುಕೊಳ್ಳಲು ಏನೋ ಇತ್ತು. ವಸಂತಾ ಅಕ್ಷರ ಹೇಳಿದಳು. ಬ. ರ. ಲಿ. ಆಮೇಲೆ ಲ, ಅದರ ಕೆಳಗೆ ಇನ್ನೊಂದು ಲ. ಹೊಸ ಒತ್ತಕ್ಷರ. ಇಂದು ಬರೆದು, ಓದಿ, ಹುಬ್ಬು ಗಂಟಿಕ್ಕಿದಳು.

“ವೇರ್ ಈಸ್ ದ ಳು? ಅವ್ವಗೆ ಳು ಬೇಕು.”

ಇದನ್ನು ಹೇಗೆ ಹೇಳುವುದು? ಮೂವತ್ತು ವರ್ಷ ಈ ದೇಶದಲ್ಲಿದ್ದು, ಇಷ್ಟು ಮಕ್ಕಳಿಗೆ ಕನ್ನಡ ಹೇಳಿಕೊಟ್ಟು, ವಸಂತಾ ಒಮ್ಮೆಯೂ ಇದನ್ನು ಯೋಚಿಸಿರಲಿಲ್ಲ. ಬಂದಳು, ಬಂದನು, ಬಂತು. ಬಂದವರಿಗೆಲ್ಲ ಬೇರೆ ಬೇರೆ ಬಾಲವಿದೆ. ಬಾರದವರಿಗೆ?

“ಬರಲಿಲ್ಲ ಅಂದಾಗ ಳು ಇರಲ್ಲ. ಅಪ್ಪ ಬರಲಿಲ್ಲ, ಅವ್ವ ಬರಲಿಲ್ಲ, ಬೆಕ್ಕು ಬರಲಿಲ್ಲ. ಎಲ್ಲರಿಗೂ ಒಂದೇ.”

“ಬೆಕ್ಕು ಕೂಡ?”

“ಬೆಕ್ಕು ಕೂಡ.”

ಇಂದು ಪೆನ್ಸಿಲ್ಲಿನ ಹಿಂಬದಿಯ ರಬ್ಬರನ್ನು ಕಚ್ಚಿದಳು. ಆ ಸಾಲನ್ನು ಮತ್ತೆ ಓದಿದಳು. ಅವ್ವ ಬರಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ವಸಂತಾಳನ್ನು ಬಿಟ್ಟು, ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿದಳು.

“ಅಪ್ಪಾ,” ಎಂದಳು. “ನಾಳೆ?”

ಸಿದ್ಧಲಿಂಗೇಶ್ ವಸಂತಾಳ ಮುಖ ನೋಡಿದ. ಈ ಒಂದು ಮಾತನ್ನು ಇವರೇ ಹೇಳಿಬಿಡಲಿ ಎಂಬ ಬೇಡಿಕೆ ಆ ಕಣ್ಣಲ್ಲಿತ್ತು. ವಸಂತಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ತಾನು ಬರೆದದ್ದನ್ನು ತಾನು ತಿದ್ದಿಯಾಗಿತ್ತು. ಇದು ಅವನು ಹೇಳಿದ ಮಾತು.

ಅವನು ಬಂದು ಮಗಳೆದುರು ಕುಕ್ಕರಗಾಲಲ್ಲಿ ಕೂತ. ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ಮಗು ಕಾಯಿತು, ಕಾಯುವುದು ಅದಕ್ಕೆ ರೂಢಿಯಾಗಿತ್ತು.

“ಬರೂದಿಲ್ಲವ್ವಾ,” ಎಂದ ಅವನು. ಅವರ ಕಡೆ ಮಗಳನ್ನೂ ಅವ್ವ ಎಂದೇ ಕರೆಯುತ್ತಾರೆ. “ನಾಳೆನೂ ಬರೂದಿಲ್ಲ. ನಾ ಅವತ್ತ ಸುಳ್ಳ ಹೇಳಿದ್ನಿ. ನಿಮ್ಮವ್ವ ಸತ್ತ ಹೋಗ್ಯಾಳ. ಬರೂದಿಲ್ಲ ನನ್ನವ್ವಾ.”

ಮೊದಲು ಮಗು ಅಳಲಿಲ್ಲ. ಅಪ್ಪನ ಬಾಯನ್ನೇ ನೋಡುತ್ತಿತ್ತು, ಅಲ್ಲಿ ಇನ್ನೇನಾದರೂ ಅಕ್ಷರ ಬಾಕಿ ಇದೆಯೇನೋ ಎನ್ನುವಂತೆ. ಆಮೇಲೆ ಅವನ ಕೈಯಲ್ಲಿದ್ದ ಒದ್ದೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಿತು. ಎರಡು ವರ್ಷ ಮನೆಯೊಳಗೆ ಎಲ್ಲೋ ಇದ್ದ ಅಳು ಆಗ ಬಂತು. ಅವನು ಮಗಳನ್ನು ಎತ್ತಿಕೊಂಡು ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಅವನೂ ಅತ್ತ.

ವಸಂತಾ ಎದ್ದಳು. ಹೊರಟುಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಹೋಗಬೇಕೆಂದರೂ ಬಾಗಿಲಿಗೆ ಅವರಿಬ್ಬರೂ ಒರಗಿದ್ದರು. ಅಡುಗೆಮನೆಗೆ ಹೋಗಿ, ಬೇರೆಯವರ ಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಅಕ್ಕಿ ಯಾವುದರಲ್ಲಿದೆ ಎಂದು ಹುಡುಕಿದಳು. ಸಿಕ್ಕಿತು. ಮೂವರಿಗೆ ಆಗುವಷ್ಟು ತೊಳೆದು ಕುಕ್ಕರಿಗಿಟ್ಟಳು. ಅಲ್ಲಿ ಮಗುವಿನ ಬಿಕ್ಕು ಕಡಿಮೆಯಾಗಿ, ಮತ್ತೆ ಏರಿ, ಮತ್ತೆ ಕಡಿಮೆಯಾಗುತ್ತಿತ್ತು. ಕಡೆಗೆ ನಿಂತಾಗ ಬಗ್ಗಿ ನೋಡಿದಳು. ಅಪ್ಪನ ಭುಜದ ಮೇಲೆ ಬಾಯಿ ತೆರೆದುಕೊಂಡು ಇಂದು ಮಲಗಿಬಿಟ್ಟಿದ್ದಳು, ಹಾಡುಹಗಲಿನಲ್ಲಿ. ಹಸಿರು ಹಾಳೆ ಅವರ ಕಾಲ ಕೆಳಗೆ ಸಿಕ್ಕಿ ಮುದುಡಿತ್ತು. ಕುಕ್ಕರ್ ಕೂಗಿದರೆ ಎಚ್ಚರವಾದೀತೆಂದು ವಸಂತಾ ಒಲೆ ಸಣ್ಣಗೆ ಮಾಡಿದಳು.